ನಮ್ಮ ಸಂಘದ ಹಾಸ್ಯ ನಾಟಕದಲ್ಲಿ ಹಿಜ್ಡಾ ಪಾತ್ರ ಇರಬಹುದಾ?

ಪ್ರಶ್ನೆ: ನಮ್ಮದು ಡೊಂಬಿವಲಿಯ ಸಣ್ಣ ಕನ್ನಡ ಸಂಘ. ಈ ಸಲದ ವಾರ್ಷಿಕೋತ್ಸವಕ್ಕೆ ಒಂದು ಹಾಸ್ಯ ನಾಟಕ ಆಡುತ್ತಿದ್ದೇವೆ. ಅದರಲ್ಲಿ ಒಂದು ದೃಶ್ಯ ಲೋಕಲ್ ಟ್ರೈನಿನದು. ಹಿಜ್ಡಾ ಒಬ್ಬಳು ಬಂದು ಚಪ್ಪಾಳೆ ತಟ್ಟಿ ನಾಯಕನ ಗಲ್ಲ ಸವರುತ್ತಾಳೆ, ಅವನು ಕಿರುಚಿಕೊಂಡು ಓಡುತ್ತಾನೆ. ಇನ್ನೊಂದರಲ್ಲಿ ನಾಯಕನ ಗೆಳೆಯ ಹೆಣ್ಣು ನೋಡಲು ಹೋಗುತ್ತಾನೆ. ಹುಡುಗಿ ಒಪ್ಪಿಗೆಯಾದ ಮೇಲೆ ಅವಳ ವಿಗ್ ಬೀಳುತ್ತದೆ, ಗಂಡು ದನಿ ಹೊರಡುತ್ತದೆ, ಗೆಳೆಯ ವಾಂತಿ ಮಾಡಿಕೊಳ್ಳುತ್ತಾನೆ. ತಾಲೀಮಿನಲ್ಲಿ ಎಲ್ಲರೂ ಹೊಟ್ಟೆ ಹಿಡಿದು ನಗುತ್ತಾರೆ. ಆದರೆ ಕಾಲೇಜಿಗೆ ಹೋಗುವ ನನ್ನ ಮಗಳು 'ಇದನ್ನು ಮಾಡಿದರೆ ನಾನು ನೋಡೋಕೂ ಬರಲ್ಲ' ಅನ್ನುತ್ತಾಳೆ. ಸಂಘದ ಹಿರಿಯರು, 'ಯಕ್ಷಗಾನದಲ್ಲಿ ಗಂಡಸರು ಹೆಣ್ಣು ವೇಷ ಹಾಕಲ್ವಾ? ಎಲ್ಲ ದೇಶದಲ್ಲೂ ಇಂಥ ಹಾಸ್ಯ ಇದೆ, ಸುಮ್ನೆ ರಗಳೆ' ಅನ್ನುತ್ತಾರೆ. ಯಾರು ಸರಿ?

ಉತ್ತರ: ನಿಮ್ಮ ಮಗಳು ಸರಿ. ಆದರೆ ಹಿರಿಯರ ಮಾತನ್ನೂ ತಳ್ಳಿಹಾಕುವಂತಿಲ್ಲ, ಅದರಲ್ಲಿ ವಿಚಾರ ಮಾಡಬೇಕಾದ್ದು ಬಹಳ ಇದೆ. ನನ್ನ ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಹೆಣ್ಣು ನೋಡುವ ದೃಶ್ಯವನ್ನು ಪೂರ್ತಿ ತೆಗೆದುಹಾಕಿ. ಟ್ರೈನಿನ ದೃಶ್ಯ ಇರಲಿ, ಆದರೆ ಹೊಸದಾಗಿ ಬರೆಯಿರಿ. ಮುಂಬಯಿಯಲ್ಲಿ ಕನ್ನಡ ನಾಟಕಗಳನ್ನು, ಅದರಲ್ಲೂ ಹಾಸ್ಯವನ್ನು, ಆಡಿಸುತ್ತಾ ಬಂದವಳು ನಾನು. ಪ್ರೇಕ್ಷಕರ ನಗು ಎಷ್ಟು ಕಷ್ಟದ್ದು ಅಂತ ಗೊತ್ತು. ಅದಕ್ಕೇ ನಗುವನ್ನು ಕಿತ್ತುಕೊಳ್ಳುವ ಸಲಹೆ ಕೊಡುವುದಿಲ್ಲ.

ಯಕ್ಷಗಾನದಿಂದಲೇ ಶುರು ಮಾಡೋಣ. ಗಂಡಸು ಹೆಣ್ಣಿನ ವೇಷ ಹಾಕುವುದೇ ತಪ್ಪು ಅಂದರೆ ನಮ್ಮ ರಂಗಭೂಮಿಯ ಚರಿತ್ರೆಯಲ್ಲಿ ಅರ್ಧ ಹೋಗುತ್ತದೆ. ಕೋಳ್ಯೂರು ರಾಮಚಂದ್ರ ರಾಯರ ಸ್ತ್ರೀವೇಷ ನೋಡಿದವರನ್ನು ಕೇಳಿ, ಮಂಟಪ ಪ್ರಭಾಕರ ಉಪಾಧ್ಯರ ಏಕವ್ಯಕ್ತಿ ಪ್ರದರ್ಶನ ನೋಡಿದವರನ್ನು ಕೇಳಿ. ಪುಣೆಯಲ್ಲಿ ಒಂದು ದೊಡ್ಡ ರಂಗಮಂದಿರಕ್ಕೇ ಬಾಲಗಂಧರ್ವರ ಹೆಸರಿದೆ. ನಾರಾಯಣ ಶ್ರೀಪಾದ ರಾಜಹಂಸ ಅನ್ನುವುದು ಅವರ ನಿಜವಾದ ಹೆಸರು, 1888ರಲ್ಲಿ ಹುಟ್ಟಿ 1967ರಲ್ಲಿ ತೀರಿಕೊಂಡರು. ಅವರು ರಂಗದ ಮೇಲೆ ಸೀರೆ ಉಡುತ್ತಿದ್ದ ರೀತಿ, ಹೂವು ಮುಡಿಯುತ್ತಿದ್ದ ರೀತಿ ನೋಡಿ ಮರಾಠಿ ಮನೆಗಳ ಹೆಂಗಸರು ತಾವೂ ಹಾಗೇ ಮಾಡುತ್ತಿದ್ದರು. ಅವರು ಹೆಸರು ಮಾಡಿದ ಕಿರ್ಲೋಸ್ಕರ್ ನಾಟಕ ಮಂಡಳಿಯನ್ನು ಕಟ್ಟಿದ ಅಣ್ಣಾಸಾಹೇಬ್ ಕಿರ್ಲೋಸ್ಕರ್ ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಹಾಗಾಗಿ ಈ ಪರಂಪರೆ ನಮಗೂ ಹತ್ತಿರದ್ದೇ.

ಈ ಕಲಾವಿದರೆಲ್ಲ ಪಟ್ಟ ಶ್ರಮ ಯಾವುದಕ್ಕೆ? ನೋಡುವವರ ಕಣ್ಣಿಗೆ ದ್ರೌಪದಿ, ಶಕುಂತಲೆ ಕಾಣಲಿ ಅಂತ. ನಿಮ್ಮ ದೃಶ್ಯದಲ್ಲಿ ವಿಗ್ ಬಿದ್ದು ಆ ಹೆಣ್ಣು 'ಸುಳ್ಳು' ಅಂತ ಆಗುವುದೇ ನಗು. ಇವೆರಡೂ ಒಂದೇ ಪರಂಪರೆ ಅನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಹಿರಿಯರಿಗೆ ಯಕ್ಷಗಾನದ್ದೇ ಇನ್ನೊಂದು ಉದಾಹರಣೆ ಕೊಡಿ. ವಿರಾಟಪರ್ವದ ಪ್ರಸಂಗ ಯಾರು ನೋಡಿಲ್ಲ ಹೇಳಿ? ಅಂತಃಪುರದಲ್ಲಿ ಹೆಂಗಸರ ಮುಂದೆ ಉತ್ತರಕುಮಾರ ಬಡಾಯಿ ಕೊಚ್ಚುತ್ತಾನೆ. ನನಗೊಬ್ಬ ಸಾರಥಿ ಸಿಕ್ಕಿದ್ದರೆ ಭೀಷ್ಮ ದ್ರೋಣರನ್ನು ಹಾಗೆ ಮಾಡಿಬಿಡುತ್ತಿದ್ದೆ, ಹೀಗೆ ಮಾಡಿಬಿಡುತ್ತಿದ್ದೆ ಅನ್ನುತ್ತಾನೆ. ಬೃಹನ್ನಳೆಯನ್ನು ಸಾರಥಿಯಾಗಿ ಕರೆದುಕೊಂಡು ಹೋಗು ಅಂದಾಗ ಅವನಿಗೆ ಅವಮಾನ. ರಣರಂಗದಲ್ಲಿ ಕೌರವರ ಸೇನೆ ಕಂಡದ್ದೇ ತಡ, ರಥದಿಂದ ಹಾರಿ ಓಡುತ್ತಾನೆ. ಬೃಹನ್ನಳೆ ಅಟ್ಟಿಸಿಕೊಂಡು ಹೋಗಿ ಹಿಡಿದು ತರುತ್ತಾಳೆ. ರಾತ್ರಿಯೆಲ್ಲ ಜನ ನಗುವುದು ಉತ್ತರನ ಮೇಲೆ. 'ಉತ್ತರನ ಪೌರುಷ ಒಲೆಯ ಮುಂದೆ' ಅನ್ನುವ ಗಾದೆ ಇವತ್ತಿಗೂ ನಮ್ಮ ಮನೆಗಳಲ್ಲಿ ಇದೆ. ಬೃಹನ್ನಳೆಯನ್ನು ಹಂಗಿಸುವ ಗಾದೆ ಒಂದಾದರೂ ಬಳಕೆಯಲ್ಲಿ ಉಳಿದಿದೆಯಾ?

ಭಾರತದ ಮೂಲ ಕಥೆಯಲ್ಲಿ ಇನ್ನೂ ಒಂದು ಸೂಕ್ಷ್ಮ ಇದೆ. ಜಡೆ ಹಾರಿಸಿಕೊಂಡು ಉತ್ತರನ ಹಿಂದೆ ಓಡುವ ಬೃಹನ್ನಳೆಯನ್ನು ನೋಡಿ ಕೌರವರ ಕಡೆಯ ಸೈನಿಕರು ಕೆಲವರು ನಗುತ್ತಾರೆ. ಇನ್ನು ಸ್ವಲ್ಪ ಹೊತ್ತಿನಲ್ಲಿ ಸೋಲುವವರು ಅವರೇ. ನಕ್ಕವರಿಗೆ ಎದುರಿಗಿರುವವರು ಯಾರು ಅಂತ ಗೊತ್ತಿಲ್ಲ. ಕಥೆ ಕಟ್ಟಿದವರು ನಗುವನ್ನು ಎಲ್ಲಿಡಬೇಕೋ ಅಲ್ಲಿಟ್ಟಿದ್ದಾರೆ. ಒಂದು ಮಾತು ಮಾತ್ರ ಪ್ರಾಮಾಣಿಕವಾಗಿ ಹೇಳಬೇಕು. ಬೃಹನ್ನಳೆಗೆ ಸಿಗುವ ಗೌರವ ಕೊನೆಗೂ ಅರ್ಜುನನಿಗೆ ಸಿಗುವ ಗೌರವ. ಒಳಗೆ ವೀರ ಗಂಡಸು ಇದ್ದಾನೆ ಅನ್ನುವ ಭರವಸೆಯ ಮೇಲೆ ನಿಂತದ್ದು ಅದು. ಹಾಗಾಗಿ 'ನಮ್ಮ ಸಂಸ್ಕೃತಿಯಲ್ಲಿ ಇವರಿಗೆ ಯಾವಾಗಲೂ ಗೌರವ ಇತ್ತು' ಅಂತ ಇದನ್ನೇ ಹಿಡಿದು ಭಾಷಣ ಮಾಡುವುದು ಸರಿಯಲ್ಲ. ನಗುವನ್ನು ಎತ್ತ ತಿರುಗಿಸಬಹುದು ಅನ್ನುವುದನ್ನು ಅದರಿಂದ ಕಲಿಯಬಹುದು, ಅಷ್ಟು.

ನಾವಿರುವ ಮಹಾರಾಷ್ಟ್ರದಲ್ಲೇ ನಗುವಿನ ಬೆಲೆಯನ್ನು ತಾನೇ ತೆತ್ತ ಒಬ್ಬ ನಟ ಇದ್ದರು. ತಮಾಷಾ ಅನ್ನುವ ಮರಾಠಿ ಜನಪದ ನಾಟಕದಲ್ಲಿ ನಾಚ್ಯಾ ಅನ್ನುವ ಪಾತ್ರ ಇರುತ್ತದೆ. ಹೆಣ್ಣಿನ ಹಾವಭಾವದ ಗಂಡಸು, ನಗಿಸುವುದೇ ಅವನ ಕೆಲಸ. ಕೊಲ್ಹಾಪುರದ ಗಣಪತ್ ಪಾಟೀಲ್ ಮರಾಠಿ ತಮಾಷಾ ಸಿನಿಮಾಗಳಲ್ಲಿ ಈ ಪಾತ್ರಕ್ಕೇ ಹೆಸರಾದರು. ಅವರು ಹೆಂಡತಿ ಮಕ್ಕಳಿದ್ದ ಸಂಸಾರಸ್ಥರು. ಆದರೂ ಜನ ಪರದೆಯಾಚೆಗೂ ಅವರನ್ನು ಅದೇ ಕಣ್ಣಿನಿಂದ ನೋಡಿದರು, ಹಂಗಿಸಿದರು. 2008ರಲ್ಲಿ ಅವರು ತೀರಿಕೊಂಡರು. ನಾಟಕದವರು ಅವರ ಬದುಕನ್ನು ನೆನಪಿಡಬೇಕು. ಪಾತ್ರ ಮಾಡಿ ಬಣ್ಣ ಒರೆಸಿಕೊಳ್ಳುವ ನಟನಿಗೇ ಇಷ್ಟು ತಟ್ಟಿತು. ಬಣ್ಣ ಒರೆಸಿಕೊಳ್ಳಲು ಆಗದ, ಅದೇ ಬದುಕಾದ ಜನಕ್ಕೆ ಎಷ್ಟು ತಟ್ಟಬೇಡ?

ಈಗ ನಿಮ್ಮ ಎರಡನೇ ದೃಶ್ಯ. 'ಎಲ್ಲ ದೇಶದಲ್ಲೂ ಇದೆ' ಅನ್ನುವ ಹಿರಿಯರ ಮಾತು ಈ ದೃಶ್ಯದ ಮಟ್ಟಿಗೆ ಅಕ್ಷರಶಃ ನಿಜ. ನಿಮ್ಮ ನಾಟಕಕಾರರು ಬರೆದಿರುವುದು ಹಾಲಿವುಡ್ಡಿನ ಹಳೇ ಸರಕು. 1992ರಲ್ಲಿ ಕ್ರೈಯಿಂಗ್ ಗೇಮ್ ಅನ್ನುವ ಗಂಭೀರ ಸಿನಿಮಾ ಬಂತು. ಅದರಲ್ಲಿ ತಾನು ಮೆಚ್ಚಿದ ಹೆಣ್ಣು ಟ್ರಾನ್ಸ್‌ಜೆಂಡರ್ ಅಂತ ಗೊತ್ತಾದಾಗ ನಾಯಕ ವಾಂತಿ ಮಾಡಿಕೊಳ್ಳುತ್ತಾನೆ. ಎರಡು ವರ್ಷ ಕಳೆಯುವಷ್ಟರಲ್ಲಿ ಹಾಸ್ಯ ಸಿನಿಮಾಗಳು ಅದನ್ನೇ ಎತ್ತಿಕೊಂಡವು. 1994ರ ಏಸ್ ವೆಂಚುರಾದಲ್ಲಿ, ತಾನು ಮುತ್ತಿಟ್ಟ ಹೆಣ್ಣು ಹಿಂದೆ ಗಂಡಾಗಿದ್ದವಳು ಅಂತ ಗೊತ್ತಾಗಿ ಜಿಮ್ ಕ್ಯಾರಿ ಹಲ್ಲುಜ್ಜುತ್ತಾನೆ, ಬಟ್ಟೆ ಸುಡುತ್ತಾನೆ, ಶವರಿನ ಕೆಳಗೆ ಕೂತು ಅಳುತ್ತಾನೆ. ಕೊನೆಯಲ್ಲಿ ಆ ಪಾತ್ರದ ಬಟ್ಟೆಯನ್ನು ಎಲ್ಲರೆದುರು ಕಿತ್ತು ತೋರಿಸಿದಾಗ ಸುತ್ತ ನಿಂತ ಪೊಲೀಸರೆಲ್ಲ ಉಗುಳುತ್ತಾರೆ, ಓಕರಿಸುತ್ತಾರೆ. ಅದೇ ವರ್ಷ ನೇಕೆಡ್ ಗನ್ ಸರಣಿಯ ಸಿನಿಮಾದಲ್ಲೂ ಇದೇ ವಾಂತಿ. ಆ ಸಿನಿಮಾಗಳನ್ನು ನೋಡಿ ನಕ್ಕ ಮಕ್ಕಳು ಇವತ್ತು ನಲವತ್ತು ದಾಟಿದ್ದಾರೆ.

ಈ ಹಾಸ್ಯ ಏನು ಹೇಳುತ್ತದೆ ನೋಡಿ. ಒಂದು, ಅವಳು ಮೋಸಗಾತಿ. ಎರಡು, ಅವನು ಪಾಪ, ಮೋಸ ಹೋದವನು. ಮೂರು, ಅವನಿಗೆ ಅಸಹ್ಯ ಆಗಿದ್ದು ಸಹಜ, ಆ ಅಸಹ್ಯದಲ್ಲಿ ಅವನು ಏನು ಮಾಡಿದರೂ ನಡೆಯುತ್ತದೆ. ಈ ಮೂರು ಮಾತುಗಳು ಥಿಯೇಟರಿನಲ್ಲೇ ಉಳಿಯಲಿಲ್ಲ. 2002ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಗ್ವೆನ್ ಅರೌಹೋ ಎಂಬ 17 ವರ್ಷದ ಟ್ರಾನ್ಸ್ ಹುಡುಗಿಯನ್ನು ಪರಿಚಯದ ಹುಡುಗರೇ ಹೊಡೆದು ಕೊಂದರು. ಕೋರ್ಟಿನಲ್ಲಿ ಅವರ ವಕೀಲರು ಕಟ್ಟಿದ ವಾದ ಇದೇ. ಅವಳು ಯಾರು ಅಂತ ಗೊತ್ತಾದಾಗ ಹುಡುಗರು ತಲೆ ಕೆಟ್ಟು ಹೀಗೆ ಮಾಡಿಬಿಟ್ಟರು ಅಂತ. ಇಂಥ ವಾದವನ್ನು ಕಾನೂನಿನಿಂದಲೇ ನಿಲ್ಲಿಸಬೇಕಾಯಿತು. 2014ರಲ್ಲಿ ಕ್ಯಾಲಿಫೋರ್ನಿಯಾ ಅದನ್ನು ನಿಷೇಧಿಸಿತು, ಅಮೆರಿಕದಲ್ಲಿ ಹಾಗೆ ಮಾಡಿದ ಮೊದಲ ರಾಜ್ಯ ಅದು. ಸಿನಿಮಾ ನೋಡಿ ಕೊಲೆ ಮಾಡಿದರು ಅಂತ ನಾನು ಹೇಳುತ್ತಿಲ್ಲ. ನಗಿಸಲು ಬಳಸಿದ ತರ್ಕ ಮತ್ತು ಕೊಲೆಗೆ ಕೊಟ್ಟ ಸಮಜಾಯಿಷಿ ಎರಡೂ ಒಂದೇ ಅಂತ ಹೇಳುತ್ತಿದ್ದೇನೆ. ಅದಕ್ಕೇ ಈ ದೃಶ್ಯವನ್ನು ತಿದ್ದಿ ಅನ್ನದೆ ತೆಗೆಯಿರಿ ಅಂದೆ. ಇದರಲ್ಲಿ ತಿದ್ದಲು ಏನೂ ಇಲ್ಲ.

ಗೇ, ಟ್ರಾನ್ಸ್ ಜನರನ್ನು ಮಾಧ್ಯಮಗಳು ಹೇಗೆ ತೋರಿಸುತ್ತವೆ ಅಂತ ಗಮನಿಸುವ ಅಮೆರಿಕದ ಗ್ಲಾಡ್ ಸಂಸ್ಥೆ 2002ರಿಂದ ಹತ್ತು ವರ್ಷಗಳ ಟಿವಿ ಕಂತುಗಳನ್ನು ನೋಡಿ ಲೆಕ್ಕ ಹಾಕಿತ್ತು. ಟ್ರಾನ್ಸ್ ಪಾತ್ರ ಇದ್ದ 102 ಕಂತುಗಳಲ್ಲಿ ಶೇಕಡಾ 54ರಲ್ಲಿ ಚಿತ್ರಣ ಕೆಟ್ಟದಾಗಿತ್ತು. ಐದರಲ್ಲಿ ಒಂದು ಪಾತ್ರ ಕೊಲೆಗಡುಕ ಅಥವಾ ಖಳ. ಮನೆಯಲ್ಲಿ, ಆಫೀಸಿನಲ್ಲಿ, ಪಕ್ಕದ ಫ್ಲ್ಯಾಟಿನಲ್ಲಿ ಒಬ್ಬರನ್ನೂ ನೋಡದ ಪ್ರೇಕ್ಷಕನಿಗೆ ಇದೇ ಪರಿಚಯ.

ಬ್ರಿಟನ್ನಿನ ಕಥೆ ಸ್ವಲ್ಪ ಬೇರೆ. ಅಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಆಡುವ ಪ್ಯಾಂಟೊಮೈಮ್ ನಾಟಕಗಳಲ್ಲಿ ದಪ್ಪ ಲಂಗ ತೊಟ್ಟ ಗಂಡಸು ಮುದುಕಿಯ ಪಾತ್ರ ಮಾಡುತ್ತಾನೆ. ಮನೆಮಂದಿಯೆಲ್ಲ ಕೂತು ನೋಡುತ್ತಾರೆ. ನಟ ಗಂಡಸು ಅಂತ ಮೊದಲಿಂದಲೂ ಎಲ್ಲರಿಗೂ ಗೊತ್ತು, ಅಲ್ಲಿ ಯಾರೂ ಸಿಕ್ಕಿಬೀಳುವುದಿಲ್ಲ. ನನಗೆ ಅದರಲ್ಲಿ ಅಂಥ ದೋಷ ಕಾಣುವುದಿಲ್ಲ. ಆದರೆ 2003ರಲ್ಲಿ ಬಿಬಿಸಿಯಲ್ಲಿ ಬಂದ ಲಿಟ್ಲ್ ಬ್ರಿಟನ್ ಕಾರ್ಯಕ್ರಮದ ಎಮಿಲಿ ಹೊವಾರ್ಡ್ ಪಾತ್ರದಲ್ಲಿ ದೋಷ ಇದೆ. 'ನಾನು ಲೇಡಿ' ಅಂತ ಅವಳು ಹೇಳುತ್ತಲೇ ಇರುತ್ತಾಳೆ, ಅವಳು ಲೇಡಿಯಲ್ಲ ಅಂತ ಎಲ್ಲರಿಗೂ ಕಾಣುತ್ತಿದೆ ಅನ್ನುವುದೇ ನಗು. ಅಂದರೆ, ಹೆಣ್ಣಾಗಿ ಬದುಕಲು ಒಬ್ಬರು ಪಡುವ ಪ್ರಯತ್ನವೇ ನಗೆಪಾಟಲು. ಮುಂದೆ ಅದೇ ಬಿಬಿಸಿ ಟ್ರಾನ್ಸ್ ಪಾತ್ರ ಇರುವ ಒಳ್ಳೆಯ ಹಾಸ್ಯಕ್ಕೆ ಒಂದು ಸ್ಪರ್ಧೆ ನಡೆಸಿತು. ಅದರಿಂದ 2015ರಲ್ಲಿ ಬಾಯ್ ಮೀಟ್ಸ್ ಗರ್ಲ್ ಅನ್ನುವ ಧಾರಾವಾಹಿ ಬಂತು. ನಾಯಕಿಯ ಪಾತ್ರ ಮಾಡಿದ ರೆಬೆಕಾ ರೂಟ್ ಸ್ವತಃ ಟ್ರಾನ್ಸ್ ಮಹಿಳೆ. ನಲವತ್ತರ ಹೆಂಗಸು, ಇಪ್ಪತ್ತಾರರ ಹುಡುಗ, ಎರಡು ಮನೆಯ ತಾಪತ್ರಯ. ನಗು ಅಲ್ಲಿಂದ ಬಂತು.

ನಮ್ಮ ಕನ್ನಡಕ್ಕೆ ಬರೋಣ. 2012ರ ಕಲ್ಪನಾ ಸಿನಿಮಾ ನೆನಪಿರಬಹುದು. 2011ರ ತಮಿಳಿನ ಕಾಂಚನಾದ ರೀಮೇಕ್ ಅದು, 2020ರಲ್ಲಿ ಹಿಂದಿಯಲ್ಲೂ ಬಂತು. ಕೊಲೆಯಾದ ಒಬ್ಬ ಟ್ರಾನ್ಸ್ ಮಹಿಳೆಯ ದೆವ್ವ ನಾಯಕನ ಮೈಮೇಲೆ ಬರುತ್ತದೆ. ನಾಯಕ ಸೀರೆ ಉಟ್ಟು ಬಳೆ ಹಾಕಿಕೊಂಡಾಗ ಥಿಯೇಟರ್ ತುಂಬಾ ನಗು. ಆಮೇಲೆ ಫ್ಲ್ಯಾಶ್‌ಬ್ಯಾಕ್, ಅವಳ ಕಷ್ಟ, ಕಣ್ಣೀರು. ಕನ್ನಡದಲ್ಲಿ ಆ ಪಾತ್ರವನ್ನು ಸಾಯಿಕುಮಾರ್ ತುಂಬಾ ಗಾಂಭೀರ್ಯದಿಂದ ಮಾಡಿದರು. ಸಿನಿಮಾದ ಉದ್ದೇಶ ಒಳ್ಳೆಯದೇ ಅಂತ ನಾನು ನಂಬುತ್ತೇನೆ. ಆದರೆ ಮನೆಗೆ ಹೋದ ಹುಡುಗರು ಅನುಕರಿಸುವುದು ಮೊದಲರ್ಧದ ನಡಿಗೆಯನ್ನು, ಕೊನೆಯ ಕಣ್ಣೀರನ್ನಲ್ಲ. ಹಾಸ್ಯ ಮಾಡುವವರು ಇದನ್ನು ಮರೆಯಬಾರದು. ಮೊದಲು ನಗಿಸಿ ಕೊನೆಗೆ ಒಂದು ಒಳ್ಳೆ ಮಾತು ಹೇಳಿದರೆ ಸರಿಹೋಗುತ್ತದೆ ಅಂದುಕೊಳ್ಳುತ್ತೇವೆ. ಸರಿಹೋಗುವುದಿಲ್ಲ. ನಿಮ್ಮ ನಾಟಕದ ಕೊನೆಗೂ ಯಾರಾದರೂ 'ಇವರೂ ಮನುಷ್ಯರೇ' ಅಂತ ಒಂದು ಭಾಷಣ ಸೇರಿಸೋಣ ಅಂದರೆ ದಯವಿಟ್ಟು ಒಪ್ಪಬೇಡಿ.

ಥಾಯ್ಲೆಂಡ್ ನೋಡಿದರೆ ಅಲ್ಲಿ ಎಲ್ಲ ಮುಕ್ತವಾಗಿದೆ ಅನಿಸುತ್ತದೆ. ಕಥೋಯ್ ಅಂತ ಕರೆಯುವ ಟ್ರಾನ್ಸ್ ಮಹಿಳೆಯರು ಅಂಗಡಿಯಲ್ಲಿ, ಟಿವಿಯಲ್ಲಿ, ರಂಗದ ಮೇಲೆ ಎಲ್ಲೆಲ್ಲೂ ಇದ್ದಾರೆ. ಪಟ್ಟಾಯದ ಟಿಫನೀಸ್ ಶೋ 1974ರಿಂದ ನಡೆಯುತ್ತಿದೆ. ಅಲ್ಲಿನ ಹಾಸ್ಯ ಸಿನಿಮಾಗಳಲ್ಲಿ ಕಥೋಯ್ ಪಾತ್ರ ಕಾಯಂ. ಎಷ್ಟು ಕಾಯಂ ಅಂದರೆ ನಗಿಸುವುದು ಬಿಟ್ಟು ಬೇರೆ ಕೆಲಸವೇ ಆ ಪಾತ್ರಕ್ಕೆ ಇರುವುದಿಲ್ಲ. 2000ದಲ್ಲಿ ಬಂದ ಐರನ್ ಲೇಡೀಸ್ ಸ್ವಲ್ಪ ದಾರಿ ಬದಲಿಸಿತು. 1996ರಲ್ಲಿ ರಾಷ್ಟ್ರಮಟ್ಟದ ವಾಲಿಬಾಲ್ ಗೆದ್ದ ಒಂದು ನಿಜವಾದ ತಂಡದ ಕಥೆ ಅದು, ಆಟಗಾರರಲ್ಲಿ ಹೆಚ್ಚಿನವರು ಕಥೋಯ್ ಮತ್ತು ಗೇ. ಅವರ ಅಲಂಕಾರ, ಜಗಳ, ಮಾತಿನ ಖಾರ ಎಲ್ಲಕ್ಕೂ ಜನ ನಗುತ್ತಾರೆ, ಆದರೆ ಪಂದ್ಯ ಶುರುವಾದರೆ ಅವರ ಪರವಾಗಿ ಕೂಗುತ್ತಾರೆ. ಇಷ್ಟೆಲ್ಲ ಇದ್ದರೂ ಅಲ್ಲಿನ ಟ್ರಾನ್ಸ್ ಜನ ಗುರುತಿನ ಚೀಟಿಯಲ್ಲಿ ತಮ್ಮ ಲಿಂಗ ಬದಲಿಸಿಕೊಳ್ಳುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಬೇಕಾಗಿದೆ. 2024ರ ಫೆಬ್ರವರಿಯಲ್ಲಿ ಅದಕ್ಕೆ ತಂದ ಮಸೂದೆಯನ್ನು ಸಂಸತ್ತು ತಿರಸ್ಕರಿಸಿತು. ಟಿವಿಯಲ್ಲಿ ಅವರನ್ನು ನೋಡಿ ನಗುವ ದೇಶ ದಾಖಲೆಯಲ್ಲಿ ಅವರನ್ನು ಅವರಾಗಿ ಬರೆಯಲು ಒಪ್ಪಲಿಲ್ಲ. ಹೆಚ್ಚು ಕಾಣುವುದಕ್ಕೂ ಗೌರವಕ್ಕೂ ಸಂಬಂಧ ಇರಲೇಬೇಕು ಅಂತಿಲ್ಲ ಅನ್ನುವುದು ನನಗೆ ಅಲ್ಲಿಂದ ಸಿಕ್ಕ ಪಾಠ.

ಫಿಲಿಪೈನ್ಸ್‌ನಲ್ಲಿ ಡಾಲ್ಫಿ ಅನ್ನುವ ಬಹುದೊಡ್ಡ ಹಾಸ್ಯನಟರು ಇದ್ದರು. ಹೆಣ್ಣಿನ ಸ್ವಭಾವದ ಗಂಡಸಿನ ಪಾತ್ರಗಳನ್ನು ಮಾಡಿ ದೇಶವನ್ನೇ ನಗಿಸಿದರು. ಈಗ ಆ ಜಾಗದಲ್ಲಿ ವೈಸ್ ಗಂಡಾ ಇದ್ದಾರೆ. ಅವರು ಸ್ವತಃ ಬಕ್ಲಾ (ಹೆಣ್ಣಿನ ಸ್ವಭಾವದ ಗೇ ಅಥವಾ ಟ್ರಾನ್ಸ್ ವ್ಯಕ್ತಿಗೆ ಅಲ್ಲಿನ ಪದ), ಮುಚ್ಚುಮರೆಯಿಲ್ಲ. ಮನಿಲಾದ ಕಾಮಿಡಿ ಬಾರುಗಳಲ್ಲಿ ಕಲಿತು, 2009ರಿಂದ ಟಿವಿ ಕಾರ್ಯಕ್ರಮದಲ್ಲಿ ಕಾಣಿಸಿಕೊಳ್ಳುತ್ತಾ ದೇಶದ ಅತಿ ದೊಡ್ಡ ತಾರೆಗಳಲ್ಲಿ ಒಬ್ಬರಾದರು. ಮೈಕು ಅವರ ಕೈಯಲ್ಲಿದೆ. ಪ್ರೇಕ್ಷಕರನ್ನು ಛೇಡಿಸುವುದು ಅವರೇ. ಹಾಗಂತ ಅವರ ಹಾಸ್ಯವೆಲ್ಲ ನಿರ್ದೋಷಿ ಅಂತಲ್ಲ. 2013ರಲ್ಲಿ ಒಬ್ಬ ಪತ್ರಕರ್ತೆಯ ದೇಹದ ಬಗ್ಗೆ, ಅತ್ಯಾಚಾರವನ್ನೂ ಎಳೆದು ತಂದು, ಹಾಸ್ಯ ಮಾಡಿ ಕ್ಷಮೆ ಕೇಳಬೇಕಾಯಿತು. ಕೆಳಗಿಂದ ಬಂದವರೂ ಇನ್ನೊಬ್ಬರನ್ನು ಕೆಳಗೆ ತಳ್ಳಬಹುದು. ಆಗಲೂ ಅದು ತಪ್ಪೇ.

ಜಪಾನಿನ ಹರುನಾ ಐ ಅವರ ವಿಷಯ ಇನ್ನೂ ಸಿಕ್ಕು. 2009ರಲ್ಲಿ ಪಟ್ಟಾಯದಲ್ಲಿ ನಡೆದ ಟ್ರಾನ್ಸ್ ಸುಂದರಿಯರ ಸ್ಪರ್ಧೆ ಗೆದ್ದವರು, ಟಿವಿಯ ಹಾಸ್ಯ ಕಾರ್ಯಕ್ರಮಗಳಲ್ಲಿ ಮನೆಮಾತಾದವರು. ಅವರ ಒಂದು ಹೆಸರಾಂತ ತಮಾಷೆ ಎಂದರೆ, ಹುಟ್ಟಿದಾಗ ಇಟ್ಟ ಗಂಡು ಹೆಸರಿನಿಂದ ಯಾರಾದರೂ ಕರೆದರೆ ಥಟ್ಟನೆ ದಪ್ಪ ಗಂಡು ದನಿಯಲ್ಲಿ ಉತ್ತರಿಸುವುದು. ಯಾವಾಗ, ಎಷ್ಟು ಅನ್ನುವುದು ಅವರ ಕೈಯಲ್ಲಿದ್ದರೆ ಅದು ಅವರ ಕಲೆ. ಅದನ್ನು ನೋಡಿ ಆಫೀಸಿನಲ್ಲಿ ಇನ್ನೊಬ್ಬ ಟ್ರಾನ್ಸ್ ಸಹೋದ್ಯೋಗಿಯನ್ನು ಹಳೇ ಹೆಸರಿನಿಂದ ಕರೆದು 'ದನಿ ತೆಗಿ ನೋಡೋಣ' ಅಂದರೆ ಅದು ಹಿಂಸೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಸಮೋವಾ ದ್ವೀಪಗಳ ಪದ್ಧತಿ. ಅಲ್ಲಿ ಫಲೆ ಐತು ಎಂಬ ಹಾಸ್ಯ ನಾಟಕದ ಪ್ರಕಾರ ಇದೆ. ಹೆಣ್ಣಿನ ವೇಷ ಹಾಕಿದ ಗಂಡಸರು ಊರ ಮುಖಂಡರನ್ನು, ದೊಡ್ಡವರನ್ನು ಅವರ ಮುಂದೆಯೇ ಆಡಿಕೊಳ್ಳುತ್ತಾರೆ. ಬೇರೆ ದಿನ ಯಾರೂ ಆಡದ ಮಾತನ್ನು ಆ ವೇಷದಲ್ಲಿ ಆಡಬಹುದು. ಪಾಕಿಸ್ತಾನದಲ್ಲೂ ಇದಕ್ಕೆ ಹತ್ತಿರದ್ದು ಒಂದು ನಡೆಯಿತು. 2005ರ ಹೊತ್ತಿಗೆ, ಜನರಲ್ ಮುಷರಫ್ ಅಧಿಕಾರದಲ್ಲಿದ್ದಾಗ, ಅಲಿ ಸಲೀಂ ಎಂಬ ಕಲಾವಿದರು ಸೀರೆ ಉಟ್ಟು ಬೇಗಂ ನವಾಜಿಶ್ ಅಲಿ ಆಗಿ ಟಿವಿಯಲ್ಲಿ ಕೂತರು. ರಾಜಕಾರಣಿಗಳನ್ನು ಕರೆಸಿ, ಕಣ್ಣು ಮಿಟುಕಿಸುತ್ತಾ, ಚುಚ್ಚುವ ಪ್ರಶ್ನೆ ಕೇಳಿದರು. ಸೀರೆ ಉಟ್ಟವರು ಕೇಳುವವರಾದರು, ತಬ್ಬಿಬ್ಬಾಗುವ ಸರದಿ ದೊಡ್ಡವರದು.

ಇದು ಪರದೇಶದ ಹೊಸ ವಿಚಾರ ಅಂದುಕೊಳ್ಳಬೇಡಿ. ನಮ್ಮ ಹಿಜ್ಡಾ ಸಮುದಾಯಕ್ಕೇ ತನ್ನದೊಂದು ಹಾಸ್ಯ ಇದೆ. ಮಗು ಹುಟ್ಟಿದ ಮನೆಗೆ ಬಧಾಯಿ, ಅಂದರೆ ಶುಭ ಹಾರೈಕೆಯ ಹಾಡು, ಹಾಡಲು ಬರುವವರ ಆಟ ನೋಡಿದ್ದೀರಾ? ಒಬ್ಬರು ಬಸುರಿಯ ವೇಷ ಕಟ್ಟುತ್ತಾರೆ. ತಿಂಗಳು ತಿಂಗಳ ಬಯಕೆ, ಹೆರಿಗೆ ನೋವು ಎಲ್ಲ ಅಭಿನಯಿಸುತ್ತಾರೆ. ಗಂಡ, ಅತ್ತೆ ಯಾರನ್ನೂ ಬಿಡದೆ ಕಾಲೆಳೆಯುತ್ತಾರೆ. ಮನೆಯ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಾರೆ. ಈ ಹಾಡು ಕುಣಿತದ ಬದುಕನ್ನು ಬ್ರಿಟಿಷರು 1871ರ ಕ್ರಿಮಿನಲ್ ಟ್ರೈಬ್ಸ್ ಕಾನೂನಿನಲ್ಲಿ ಅಪರಾಧ ಮಾಡಿದರು. ಪೊಲೀಸರ ಪಟ್ಟಿಯಲ್ಲಿ ಹೆಸರಿದ್ದವರು ಹೆಣ್ಣುಡುಗೆಯಲ್ಲಿ ಬೀದಿಗೆ ಬಂದರೆ, ಕುಣಿದರೆ, ವಾರಂಟ್ ಇಲ್ಲದೆ ಹಿಡಿಯಬಹುದಿತ್ತು, ಎರಡು ವರ್ಷದವರೆಗೆ ಜೈಲು. ಇವತ್ತು ಸಿಗ್ನಲ್ಲಿನಲ್ಲಿ, ಟ್ರೈನಿನಲ್ಲಿ ಕೈ ಚಾಚುವವರನ್ನು ನೋಡಿ ನಗುವಾಗ ಈ ಚರಿತ್ರೆ ನಮ್ಮ ತಲೆಯಲ್ಲಿ ಇರುವುದಿಲ್ಲ.

ನಮ್ಮ ಮುಂಬಯಿಯಲ್ಲೇ 2014ರಲ್ಲಿ ಒಂದು ಚಂದದ ವಿಡಿಯೋ ಬಂತು. ಟ್ರಾಫಿಕ್ ಸಿಗ್ನಲ್ಲಿನಲ್ಲಿ ಹಿಜ್ಡಾ ತಂಡವೊಂದು ಗಗನಸಖಿಯರ ಥರ ಒಂದೇ ಬಗೆಯ ಉಡುಪು ತೊಟ್ಟು ಸಾಲಾಗಿ ನಿಲ್ಲುತ್ತದೆ. ವಿಮಾನದಲ್ಲಿ ತೋರಿಸುವ ಹಾಗೇ ಕೈ ಆಡಿಸಿ, ಕಾರಿನಲ್ಲಿ ಕೂತವರಿಗೆ ಸೀಟ್ ಬೆಲ್ಟ್ ಹೇಗೆ ಕಟ್ಟಿಕೊಳ್ಳಬೇಕು ಅಂತ ಹೇಳಿಕೊಡುತ್ತದೆ. ನಗು ಬರುತ್ತದೆ, ಜೋರಾಗಿಯೇ ಬರುತ್ತದೆ. ಯಾರ ಮೇಲೆ? ಬೆಲ್ಟ್ ಹಾಕದೆ ಸಿಕ್ಕಿಬಿದ್ದ ಕಾರಿನವರ ಮೇಲೆ.

ಸೆರಗಿನದೂ ಒಂದು ಉದಾಹರಣೆ ಇದೆ. 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ, ಟ್ರಾನ್ಸ್ ಮಹಿಳೆಯೂ ಜೋಗತಿ ನೃತ್ಯದ ಕಲಾವಿದೆಯೂ ಆದ ಮಂಜಮ್ಮ ಜೋಗತಿ ಪದ್ಮಶ್ರೀ ತೆಗೆದುಕೊಂಡರು. ಆಗಿನ ರಾಷ್ಟ್ರಪತಿ ಕೋವಿಂದ್ ಅವರ ಮುಂದೆ ನಿಂತು, ಸೀರೆಯ ಸೆರಗು ಹಿಡಿದು ದೃಷ್ಟಿ ತೆಗೆದರು. ಸಿನಿಮಾದವರ ಕೈಗೆ ಸಿಕ್ಕಿದ್ದರೆ ಅದೇ ಸನ್ನೆ ಕಾಮಿಡಿ ಆಗುತ್ತಿತ್ತು. ಅಲ್ಲಿ ನೆರೆದವರು ಖುಷಿಯಿಂದ ಚಪ್ಪಾಳೆ ತಟ್ಟಿದರು.

ಈಗ ನಿಮ್ಮ ಟ್ರೈನಿನ ದೃಶ್ಯ. ದಿನಾ ಲೋಕಲ್ಲಿನಲ್ಲಿ ಓಡಾಡುವ ನಿಮಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಡಬ್ಬದ ಬಾಗಿಲ ಹತ್ತಿರ ಚಪ್ಪಾಳೆ ಕೇಳಿದ ಕೂಡಲೇ ಇಡೀ ಡಬ್ಬಕ್ಕೆ ನಿದ್ದೆ ಬರುತ್ತದೆ. ಎಚ್ಚರ ಇದ್ದವರು ಮೊಬೈಲಿನಲ್ಲಿ ಮುಳುಗುತ್ತಾರೆ. ಅಲ್ಲಿಯವರೆಗೆ ಸೀಟಿಗಾಗಿ ಜಗಳ ಆಡಿದವರೂ ಗೊರಕೆ ಹೊಡೆಯುತ್ತಾರೆ. ಇದು ನಿಜವಾದ ಹಾಸ್ಯ, ನಮ್ಮದೇ ಹಾಸ್ಯ. ನಾಯಕ ಹೀಗೆ ಕಣ್ಣು ಮುಚ್ಚಿ ಕೂತಿರಲಿ. ಅವಳು ಮೈ ಮುಟ್ಟುವುದು ಬೇಡ. ಅವನ ಬ್ಯಾಗಿನ ಮೇಲಿರುವ ಸಂಘದ ಹೆಸರು ಓದಿಕೊಂಡು, ಕನ್ನಡದಲ್ಲೇ, ನಮ್ಮ ಹುಬ್ಬಳ್ಳಿ ಕಡೆಯ ಮಾತಿನಲ್ಲಿ ಕೇಳಲಿ: 'ಏನ್ರೀ ಸಾಹೇಬ್ರ, ನಿದ್ದಿ ಹತ್ತೇತೇನ್ರೀ? ಡೊಂಬಿವಲಿ ಬಂದ್ರ ಎಬ್ಬಸ್ಲೇನು?' ಕರ್ನಾಟಕದಿಂದ ಈ ಊರಿಗೆ ಬಂದು ಬದುಕುತ್ತಿರುವ ಟ್ರಾನ್ಸ್ ಮಹಿಳೆಯರು ಇದ್ದಾರೆ, ಹಾಗಾಗಿ ಇದು ಅಸಹಜ ಅಲ್ಲ. ಕನ್ನಡ ಕೇಳಿ ಅವನ ಒಂದು ಕಣ್ಣು ತೆರೆದುಕೊಳ್ಳುತ್ತದೆ, ಮತ್ತೆ ಮುಚ್ಚಿಕೊಳ್ಳುತ್ತದೆ. ಎದ್ದರೆ ಸಿಕ್ಕಿಬಿದ್ದ ಹಾಗೆ, ಏಳದಿದ್ದರೆ ಸ್ಟೇಷನ್ ಹೋಗುತ್ತದೆ. ಡೊಂಬಿವಲಿ ಬರುತ್ತದೆ. ಅವಳು ಎಬ್ಬಿಸುತ್ತಾಳೆ. ಅವನು ಇನ್ನೂ ಜೋರಾಗಿ ಗೊರಕೆ ಹೊಡೆಯುತ್ತಾನೆ. ಟ್ರೈನು ಕಲ್ಯಾಣಕ್ಕೆ ಹೊರಡುತ್ತದೆ. ನಿಮ್ಮ ನಟ ಚೆನ್ನಾಗಿದ್ದರೆ ಈ ಜಾಗದಲ್ಲಿ ಹಾಲ್ ಉರುಳುತ್ತದೆ. ಯಾಕೆಂದರೆ ಅಲ್ಲಿ ಕೂತ ಪ್ರತಿಯೊಬ್ಬರೂ ಅದನ್ನು ಮಾಡಿದ್ದಾರೆ. ಉತ್ತರಕುಮಾರನ ಜಾಗದಲ್ಲಿ ಈಗ ನಾವೇ ಇದ್ದೇವೆ.

ಅವಳಿಗೆ ಒಂದು ಹೆಸರಿಡಿ. ಬೈಗುಳದ ಪದಗಳು ಯಾರ ಬಾಯಲ್ಲೂ ಬೇಡ. ಇನ್ನೊಂದು ಮಾತು ನಿಮ್ಮ ಹಿರಿಯರಿಗೆ ಹೇಳಿ. 2011ರ ಜನಗಣತಿಯಲ್ಲಿ ಮೊದಲ ಸಲ 'ಇತರೆ' ಅಂತ ಒಂದು ಕಲಂ ಇತ್ತು. ದೇಶದಲ್ಲಿ 4.88 ಲಕ್ಷ ಜನ ಅದರಲ್ಲಿ ದಾಖಲಾದರು. ಅದರಲ್ಲಿ ಆರು ವರ್ಷದೊಳಗಿನ ಮಕ್ಕಳೇ ಸುಮಾರು 55 ಸಾವಿರ. ಅಷ್ಟು ಚಿಕ್ಕ ಮಕ್ಕಳ ವಿಷಯದಲ್ಲಿ ಕಲಂ ತುಂಬಿಸಿದವರು ಮನೆಯವರೇ ಅಲ್ವಾ? ಅಂದರೆ ಇಂಥ ಮಕ್ಕಳು ಎಲ್ಲ ಥರದ ಮನೆಗಳಲ್ಲಿ ಇದ್ದಾರೆ, ಅವರ ತಂದೆತಾಯಿ ನಮ್ಮ ಥರದ ಸಭೆಗಳಿಗೆ ಬರುತ್ತಾರೆ. ವಿಗ್ ಬಿದ್ದಾಗ ಇಡೀ ಹಾಲ್ ನಕ್ಕದ್ದನ್ನು ನೋಡಿದ ಮಗು ಮನೆಯಲ್ಲಿ ತನ್ನ ಬಗ್ಗೆ ಬಾಯಿ ಬಿಡುವುದಿಲ್ಲ.

ಪಾತ್ರ ಯಾರು ಮಾಡಬೇಕು? ಸಾಧ್ಯವಾದರೆ ಟ್ರಾನ್ಸ್ ಕಲಾವಿದೆಯನ್ನೇ ಕೇಳಿ. ಮುಂಬಯಿ, ಠಾಣೆ ನಗರಗಳಲ್ಲಿ ಕುಣಿಯುವ, ನಟಿಸುವ ತಂಡಗಳಿವೆ. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ತೃತೀಯ ಲಿಂಗಿಗಳಿಗೆ ಮಾನ್ಯತೆ ಕೊಟ್ಟ ಪ್ರಕರಣದಲ್ಲಿ ಕಕ್ಷಿಯಾಗಿ ಸೇರಿಕೊಂಡಿದ್ದ ಹೋರಾಟಗಾರ್ತಿ ಲಕ್ಷ್ಮೀ ನಾರಾಯಣ ತ್ರಿಪಾಠಿ ಠಾಣೆಯವರು, ಅವರೂ ನರ್ತಕಿ. ಯಾರೂ ಸಿಗದಿದ್ದರೆ ನಿಮ್ಮ ನಟನೇ ಮಾಡಲಿ. ಸಂಚಾರಿ ವಿಜಯ್ ನಾನು ಅವನಲ್ಲ ಅವಳು ಸಿನಿಮಾದಲ್ಲಿ ಮಾಡಿದ್ದನ್ನು ಮೊದಲು ಕೂತು ನೋಡಲಿ. 2014ರ ಸಾಲಿನ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಅವರಿಗೆ ಬಂದದ್ದು ಆ ಪಾತ್ರಕ್ಕೆ. ಸೊಂಟ ತಿರುಗಿಸುವುದು, ಬಲೂನು ತುರುಕಿಕೊಳ್ಳುವುದು, ಕೀರಲು ದನಿ ಇವು ಯಾವುದೂ ಬೇಡ. ಚಪ್ಪಾಳೆ ಇರಲಿ, ಆದರೆ ಒಂದೇ ಸಲ, ಸರಿಯಾದ ಜಾಗದಲ್ಲಿ. ಗೊರಕೆ ಶುರುವಾಗುವುದು ಅದರಿಂದಲೇ ಅಲ್ವಾ?

ಕಲಾವಿದೆ ಒಬ್ಬರು ಒಪ್ಪಿದರೆ ಸ್ಕ್ರಿಪ್ಟನ್ನು ಮೊದಲೇ ಕೊಡಿ. ತಮ್ಮ ಮಾತನ್ನು ತಾವು ತಿದ್ದಿಕೊಳ್ಳಲಿ. ನಿಮ್ಮ ನಾಟಕಕಾರರಿಗಿಂತ ಚೆನ್ನಾಗಿ ತಿದ್ದುತ್ತಾರೆ, ಬೇಕಾದರೆ ನೋಡಿ. ತಾಲೀಮಿನ ದಿನಗಳ ರಿಕ್ಷಾ ಖರ್ಚು ಸಂಘದ್ದು. ಬಟ್ಟೆ ಬದಲಿಸಲು ಹೆಂಗಸರ ಗ್ರೀನ್ ರೂಮ್, ಅದನ್ನು ಉಳಿದ ನಟಿಯರಿಗೆ ಮೊದಲೇ ತಿಳಿಸಿ, ಆ ದಿನ ಬಾಗಿಲಲ್ಲಿ ಚರ್ಚೆ ಆಗಬಾರದು. ಆಮಂತ್ರಣದಲ್ಲಿ ಅವರು ಹೇಳಿದ ಹೆಸರೇ ಅಚ್ಚಾಗಲಿ. ಉಳಿದವರೆಲ್ಲ ಹವ್ಯಾಸಿಗಳು, ಸಂಭಾವನೆ ಇಲ್ಲ ಅನ್ನಬಹುದು, ಆದರೆ ಅವರಿಗೆ ಅದು ದಿನದ ದುಡಿಮೆ. ಮೊತ್ತ ಮೊದಲೇ ಮಾತಾಡಿ, ಪ್ರದರ್ಶನದ ರಾತ್ರಿಯೇ ಲಕೋಟೆ ಕೈಗೆ ಕೊಡಿ.